ಎಂಆರ್‌ಎನ್‌ಎ ನಾಲ್ಕು ಪಟ್ಟು ಏರಿದೆ, ಪ್ರೊಟೀನ್ ಅಲ್ಲೇ ಕೂತಿದೆ. ಕಂದು ಕೊಬ್ಬಿನ ಲೆಕ್ಕದಲ್ಲಿ ನಾನು ಎಲ್ಲಿ ತಪ್ಪುತ್ತಿದ್ದೇನೆ?

ಕೋಲ್ಡ್‌ರೂಮ್_ಹುಡುಗಿ

ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿ ಎರಡನೇ ವರ್ಷದಲ್ಲಿದ್ದೇನೆ. ಹತ್ತು ದಿನದಿಂದ ಒಂದೇ ಗ್ರಾಫ್ ನೋಡಿ ನೋಡಿ ತಲೆ ಕೆಟ್ಟಿದೆ. ಗೈಡ್ ಹತ್ತಿರ ಹೋದರೆ "ಬ್ಲಾಟ್ ಸರಿ ಬಂದಿಲ್ಲ, ಮತ್ತೆ ಮಾಡು" ಅನ್ನುತ್ತಾರೆ (ಬ್ಲಾಟ್ ಅಂದರೆ ಪ್ರೊಟೀನ್ ಅಳೆಯುವ ಪರೀಕ್ಷೆ). ನಾಲ್ಕು ಸಲ ಮಾಡಿ ಆಯಿತು. ನಾಲ್ಕು ಸಲವೂ ಅದೇ ಕಥೆ.

ಕೆಲಸ ಇಷ್ಟೇ. ಇಲಿಗಳನ್ನು ಚಳಿಯಲ್ಲಿಟ್ಟು, ಅವುಗಳ ಕಂದು ಕೊಬ್ಬಿನಲ್ಲಿ (ಮೈ ಬಿಸಿ ಇಡುವ ಕೊಬ್ಬು) ಶಾಖ ಮಾಡಿಸುವ ಯುಸಿಪಿ1 ಅನ್ನುವ ಪ್ರೊಟೀನ್ ಯಾವಾಗ, ಎಷ್ಟು ಏರುತ್ತದೆ ಅಂತ ನೋಡುವುದು. ಮೂರು ಗುಂಪು ಮಾಡಿದ್ದೇನೆ. ಒಂದು 22 ಡಿಗ್ರಿಯಲ್ಲೇ ಇತ್ತು. ಇನ್ನೊಂದನ್ನು 24 ಗಂಟೆ 4 ಡಿಗ್ರಿಯಲ್ಲಿಟ್ಟೆ. ಮೂರನೆಯದು 4 ಡಿಗ್ರಿಯಲ್ಲೇ ಮೂರು ವಾರ ಕಳೆದಿದೆ.

ಇದರಲ್ಲಿ ನನಗೆ ಇಷ್ಟವಾದದ್ದು ಕೊಬ್ಬು ಬಿಡಿಸುವ ಕೆಲಸ. ಎರಡು ಹೆಗಲ ಮೂಳೆಗಳ ನಡುವೆ ಚರ್ಮ ಬಿಡಿಸಿದರೆ ಮೊದಲು ಬಿಳಿ ಕೊಬ್ಬಿನ ಪದರ ಸಿಗುತ್ತದೆ. ಅದನ್ನು ಫೋರ್ಸೆಪ್ಸಿನಲ್ಲಿ ಮೆಲ್ಲಗೆ ಎತ್ತಿದರೆ ಕೆಳಗೆ ಚಿಟ್ಟೆ ರೆಕ್ಕೆ ಬಿಚ್ಚಿ ಕೂತ ಹಾಗೆ ಎರಡು ಹಾಲೆ ಕಾಣುತ್ತವೆ. ನಡುವೆ ದಪ್ಪದೊಂದು ರಕ್ತನಾಳ. 22 ಡಿಗ್ರಿ ಇಲಿಗಳಲ್ಲಿ ಈ ಹಾಲೆಗಳು ತಿಳಿ ಕಂದು, ಸ್ವಲ್ಪ ಜಿಡ್ಡು ಜಿಡ್ಡು. 24 ಗಂಟೆ ಚಳಿ ತಿಂದವುಗಳಲ್ಲಿ ಸೊರಗಿ ಸಣ್ಣಗಾಗಿದ್ದವು, ಬಣ್ಣ ಮಾತ್ರ ಗಾಢ. ಮೂರು ವಾರದವುಗಳಲ್ಲಿ ಹಾಲೆ ಉಬ್ಬಿ, ಬಣ್ಣ ಹೆಚ್ಚುಕಮ್ಮಿ ಲಿವರ್ ಥರ ಆಗಿತ್ತು. ಕಣ್ಣಿಗೇ ಇಷ್ಟು ವ್ಯತ್ಯಾಸ ಕಂಡಮೇಲೆ ಬ್ಲಾಟ್‌ನಲ್ಲಿ ಬರದೇ ಇರುತ್ತದಾ ಅಂದುಕೊಂಡೆ.

ಕ್ಯೂಪಿಸಿಆರ್ (ಎಂಆರ್‌ಎನ್‌ಎ, ಅಂದರೆ ಪ್ರೊಟೀನ್ ಮಾಡಲು ಜೀನಿನಿಂದ ಬರುವ ನಕಲನ್ನು ಅಳೆಯುವುದು) ಚೆನ್ನಾಗಿ ಬಂತು. 22 ಡಿಗ್ರಿಯನ್ನು 1 ಅಂತ ಇಟ್ಟರೆ, 24 ಗಂಟೆಯಲ್ಲಿ ಯುಸಿಪಿ1 ಎಂಆರ್‌ಎನ್‌ಎ 4ರ ಹತ್ತಿರ. ಮೂರು ವಾರಕ್ಕೆ 2.5. ಏರಿದ್ದು ಇಳಿದಿದೆ, ಅದೇ ಒಂದು ಒಗಟು. ಆಮೇಲೆ ವೆಸ್ಟರ್ನ್ ಬ್ಲಾಟ್. ಲೇನಿಗೆ (ಜೆಲ್‌ನ ಒಂದೊಂದು ಸಾಲಿಗೆ) 20 ಮೈಕ್ರೋಗ್ರಾಂ ಪ್ರೊಟೀನ್ ಹಾಕಿದೆ. ಯುಸಿಪಿ1 ಕೂರುವ ಜಾಗದಲ್ಲಿ, 33 ಕಿಲೋಡಾಲ್ಟನ್ ಹತ್ತಿರ, ಮೂರು ಗುಂಪಿಗೂ ಕಪ್ಪಗೆ, ದಪ್ಪಗೆ, ಒಂದೇ ಥರದ ಬ್ಯಾಂಡ್. ಅಳೆದರೆ 24 ಗಂಟೆಗೆ 1.1, ಮೂರು ವಾರಕ್ಕೆ 1.3.

ನನ್ನ ಪ್ರಶ್ನೆ: ಎಂಆರ್‌ಎನ್‌ಎ ಅಷ್ಟು ಏರಿದ್ದರೂ ಪ್ರೊಟೀನ್ ಯಾಕೆ ಏರಲಿಲ್ಲ? ಪ್ರೊಟೀನೇ ಏರದಿದ್ದರೆ ಆ ಇಲಿಗಳು 4 ಡಿಗ್ರಿಯಲ್ಲಿ ಮೂರು ವಾರ ಆರಾಮಾಗಿ ಹೇಗಿದ್ದವು? ಮೊದಲ ದಿನ ಗಡಗಡ ನಡುಗುತ್ತಿದ್ದವು. ಕೊನೆಯ ವಾರದಲ್ಲಿ ಪಂಜರದ ಬಾಗಿಲು ತೆಗೆದರೆ ಮಾಮೂಲಿನಂತೆ ಓಡಾಡಿಕೊಂಡಿದ್ದವು.

ಹಳೇಪಿಪೆಟ್

ಬ್ಲಾಟ್ ಬಗ್ಗೆ ಆಮೇಲೆ ಬೈತೀನಿ. ಅದಕ್ಕೆ ಮುಂಚೆ ಒಂದು ಮಾತು: ನಿಮ್ಮ ಪ್ರಶ್ನೆಯೊಳಗೆ ಎರಡು ಪ್ರಶ್ನೆ ಇವೆ. ಅವನ್ನು ಒಂದೇ ಅಂತ ತಿಳಿದಿದ್ದೀರಿ, ಗಂಟು ಅಲ್ಲೇ ಬಿದ್ದಿರುವುದು.

ಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾವನ್ನು ಒಂದು ಕೆರೆ ಅಂದುಕೊಳ್ಳಿ. ಉಸಿರಾಟದ ಸರಪಳಿ ಪ್ರೋಟಾನ್‌ಗಳನ್ನು ಒಳಪೊರೆಯ ಆಚೆಗೆ ಎತ್ತಿ ಹಾಕುತ್ತಾ ಇರುತ್ತದೆ, ಕೆರೆ ತುಂಬುತ್ತದೆ. ಬೇರೆ ಜೀವಕೋಶಗಳಲ್ಲಿ ಆ ನೀರು ಗಿರಣಿಯ ಚಕ್ರ ತಿರುಗಿಸಿ ವಾಪಸು ಬರುತ್ತದೆ, ಕೋಶದ ಇಂಧನವಾದ ಎಟಿಪಿ ತಯಾರಾಗುತ್ತದೆ. ಕಂದು ಕೊಬ್ಬಿನಲ್ಲಿ ಯುಸಿಪಿ1 ಅನ್ನೋದು ಪಕ್ಕದಲ್ಲಿ ತೋಡಿದ ತೂಬು. ನೀರು ಗಿರಣಿ ಮುಟ್ಟದೆ ಸುಮ್ನೆ ಹರಿದುಹೋಗುತ್ತದೆ, ಆ ಶಕ್ತಿಯೆಲ್ಲ ಶಾಖ. ಅದೂ ಅಲ್ಲದೆ ಇಲಿಯ ಕಂದು ಕೊಬ್ಬಿನಲ್ಲಿ ಗಿರಣಿಗಳೇ ಬಹಳ ಕಮ್ಮಿ, ಅಂದರೆ ಎಟಿಪಿ ಸಿಂಥೇಸ್ ತೀರಾ ಕಮ್ಮಿ. ಹಾಗಾಗಿ ತೂಬು ಮುಚ್ಚಿದ್ದರೆ ಕೆರೆ ತುಂಬಿ ನಿಲ್ಲುತ್ತದೆ, ಉರಿಯುವ ಕೆಲಸವೂ ನಿಧಾನವಾಗುತ್ತದೆ.

ಈಗ ನೋಡಿ. ತೂಬು ತೆರೆಯುವುದು ಬೇರೆ, ಹೊಸ ತೂಬು ತೋಡುವುದು ಬೇರೆ.

ತೆರೆಯುವುದು ನಿಮಿಷಗಳ ಕೆಲಸ. ಯುಸಿಪಿ1 ಸುಮ್ಮನೆ ಇರುವಾಗ ಎಟಿಪಿ, ಜಿಡಿಪಿಯಂಥ ನ್ಯೂಕ್ಲಿಯೊಟೈಡ್‌ಗಳು ಅದರೊಳಗೆ ಬಿರಡೆಯ ಹಾಗೆ ಕೂತಿರುತ್ತವೆ. ಚರ್ಮಕ್ಕೆ ಚಳಿ ತಾಗಿತು ಅಂದರೆ ಸುದ್ದಿ ಮೆದುಳಿನ ಹೈಪೊಥಲಮಸ್‌ಗೆ ಹೋಗಿ, ಅಲ್ಲಿಂದ ಸಿಂಪಥೆಟಿಕ್ ನರಗಳ ಮೂಲಕ ಆ ಚಿಟ್ಟೆಯ ಎರಡೂ ರೆಕ್ಕೆಗೆ ಬರುತ್ತದೆ. ನರದ ತುದಿಯಿಂದ ನಾರ್‌ಅಡ್ರಿನಲಿನ್ ಸುರಿಯುತ್ತದೆ. ಅದು ಬೀಟಾ-3 ಗ್ರಾಹಕಕ್ಕೆ ತಾಗಿ, ಒಳಗೆ ಸೈಕ್ಲಿಕ್ ಎಎಂಪಿ ಅನ್ನುವ ಸಂಕೇತ ಏರಿ, ಪಿಕೆಎ ಅನ್ನುವ ಕಿಣ್ವ ಎದ್ದು, ಕೊಬ್ಬಿನ ಹನಿಗಳನ್ನು ಒಡೆಯುವ ಕಿಣ್ವಗಳಿಗೆ ಚಾಲನೆ ಕೊಡುತ್ತದೆ. ಹಾಗೆ ಬಿಡುಗಡೆಯಾದ ಕೊಬ್ಬಿನಾಮ್ಲಗಳು ಎರಡು ಕೆಲಸ ಮಾಡುತ್ತವೆ: ಅವೇ ಸೌದೆ, ಬಿರಡೆ ಕೀಳುವವೂ ಅವೇ. ಇಷ್ಟಕ್ಕೆ ಒಂದೇ ಒಂದು ಹೊಸ ಯುಸಿಪಿ1 ಬೇಕಾಗಿಲ್ಲ. ನಿಮ್ಮ 24 ಗಂಟೆಯ ಹಾಲೆ ಸೊರಗಿ ಗಾಢವಾಗಿ ಕಂಡಿತಲ್ಲ, ಅದು ಇದೇ. ಕೊಬ್ಬಿನ ಹನಿ ಖರ್ಚಾಗಿದೆ. ಮೈಟೊಕಾಂಡ್ರಿಯಾ ಹಾಗೇ ಇವೆ, ಅವುಗಳಲ್ಲಿನ ಕಬ್ಬಿಣದ ಬಣ್ಣ ಒತ್ತಾಗಿ ಕಾಣುತ್ತಿದೆ.

ಹೊಸ ತೂಬು ತೋಡುವುದು ದಿನಗಳ, ವಾರಗಳ ಕೆಲಸ. ಅದೇ ಪಿಕೆಎ ಇನ್ನೊಂದು ದಾರಿಯಲ್ಲಿ ಪಿ38 ಕಿಣ್ವವನ್ನು ಎಬ್ಬಿಸುತ್ತದೆ. ಅದು ಜೀನ್‌ಗಳನ್ನು ನಿಯಂತ್ರಿಸುವ ಎಟಿಎಫ್2 ಮತ್ತು ಪಿಜಿಸಿ-1ಆಲ್ಫಾ ಪ್ರೊಟೀನ್‌ಗಳ ಮೂಲಕ ಯುಸಿಪಿ1 ಜೀನಿನ ಬಾಗಿಲು ತೆರೆಯುತ್ತದೆ. ಈ ಪಿಜಿಸಿ-1ಆಲ್ಫಾ 1998ರಲ್ಲಿ ಮೊದಲು ಸಿಕ್ಕಿದ್ದೇ ಕಂದು ಕೊಬ್ಬಿನಲ್ಲಿ. ಯುಸಿಪಿ1 ಒಂದನ್ನೇ ಅಲ್ಲ, ಇಡೀ ಮೈಟೊಕಾಂಡ್ರಿಯಾಗಳನ್ನೇ ಜಾಸ್ತಿ ಮಾಡಿಸುವ ಮೇಸ್ತ್ರಿ ಅದು. ಜೊತೆಗೆ ಥೈರಾಯ್ಡ್ ಹಾರ್ಮೋನೂ ಕೈ ಹಾಕುತ್ತದೆ. ಚಳಿಯಲ್ಲಿ ಕಂದು ಕೊಬ್ಬಿನ ಕೋಶದೊಳಗೆ ಡಿಅಯೊಡಿನೇಸ್-2 ಅನ್ನುವ ಕಿಣ್ವ ಏರಿ, ಆ ಹಾರ್ಮೋನಿನ ಟಿ4 ರೂಪವನ್ನು ಅಲ್ಲೇ ಹೆಚ್ಚು ಚುರುಕಾದ ಟಿ3 ಮಾಡಿಕೊಳ್ಳುತ್ತದೆ. ರಕ್ತದಲ್ಲಿ ಟಿ3 ಅಳೆದರೆ ಇದು ಗೊತ್ತೇ ಆಗುವುದಿಲ್ಲ, ಕೋಶ ತನ್ನ ಪಾಡಿಗೆ ಅಡುಗೆ ಮಾಡಿಕೊಂಡಿರುತ್ತದೆ.

ಎಂಆರ್‌ಎನ್‌ಎ ಗಂಟೆಗಳಲ್ಲಿ ಏರುತ್ತದೆ. ಪ್ರೊಟೀನ್ ಮಾತ್ರ ಕೂಡಿಕೊಳ್ಳುತ್ತಾ ಹೋಗುವ ಮಾಲು. ನಲ್ಲಿ ಜೋರು ತಿರುಗಿಸಿದ ಕ್ಷಣಕ್ಕೆ ಹಂಡೆ ತುಂಬುವುದಿಲ್ಲ. ನೀವು 24 ಗಂಟೆಗೆ ಅಳೆದದ್ದು ನಲ್ಲಿಯ ರಭಸ. ಹಂಡೆ ಆಗಿನ್ನೂ ತುಂಬುತ್ತಿತ್ತು. ನಮ್ಮ ಕ್ಷೇತ್ರದಲ್ಲಿ ಎಂಆರ್‌ಎನ್‌ಎ ನಾಲ್ಕು ಪಟ್ಟು ಅಂದ ಕೂಡಲೇ "ಶಾಖ ನಾಲ್ಕು ಪಟ್ಟು" ಅಂತ ಬರೆದುಬಿಡುವ ಚಾಳಿ ಇದೆ. ಎಂಆರ್‌ಎನ್‌ಎ ಶಾಖ ಕೊಡುವುದಿಲ್ಲ ಮಾರಾಯ್ರೇ.

ಇನ್ನು ಮೂರು ವಾರದ ಗುಂಪು. ಇಲ್ಲಿ ನೀವು ಮೋಸ ಹೋಗಿರುವುದು ಭಾಗಾಕಾರದಲ್ಲಿ. ಲೇನಿಗೆ 20 ಮೈಕ್ರೋಗ್ರಾಂ ಅಂತ ಸಮ ಮಾಡಿಬಿಟ್ಟಿರಿ. ಹಾಲೆಯೇ ಬೆಳೆದಿದೆ ಅಲ್ವಾ? ನಾರ್‌ಅಡ್ರಿನಲಿನ್ ಹೊಸ ಕೋಶಗಳನ್ನೂ ಹುಟ್ಟಿಸುತ್ತದೆ. ಅದು ಬೀಟಾ-1 ಗ್ರಾಹಕದ ಮೂಲಕ, ಇನ್ನೂ ಬಲಿಯದ ಕೋಶಗಳ ಮೇಲೆ. ಕೋಶ ಜಾಸ್ತಿ, ಒಂದೊಂದು ಕೋಶದಲ್ಲಿ ಮೈಟೊಕಾಂಡ್ರಿಯಾ ಜಾಸ್ತಿ. ಹಾಗಿದ್ದಮೇಲೆ ಒಟ್ಟು ಪ್ರೊಟೀನೂ ಜಾಸ್ತಿ. ಆ ಒಟ್ಟಿನಿಂದಲೇ ಭಾಗಿಸಿಬಿಟ್ಟರೆ ಬೆಳೆದದ್ದೆಲ್ಲ ಲೆಕ್ಕದಿಂದ ಮಾಯ. ಕ್ಯೂಪಿಸಿಆರ್‌ನಲ್ಲೂ ಇದೇ ಆಗಿದೆ: ಹೌಸ್‌ಕೀಪಿಂಗ್ ಜೀನಿಗೆ (ಯಾವಾಗಲೂ ಹೆಚ್ಚುಕಮ್ಮಿ ಒಂದೇ ಥರ ಇರುವ ಜೀನಿಗೆ) ಹೋಲಿಸಿದ್ದೀರಿ, ಆದರೆ ಹಾಲೆಯ ಒಟ್ಟು ಆರ್‌ಎನ್‌ಎ ಕೂಡ ಏರಿದೆ. ನಿಮ್ಮ 2.5 "ಇಳಿದದ್ದು" ಅಂತ ಅಷ್ಟು ಸುಲಭವಾಗಿ ಹೇಳಲು ಬರುವುದಿಲ್ಲ.

ಇಲಿಗೆ ಮೈಕ್ರೋಗ್ರಾಮಿನ ಲೆಕ್ಕ ಗೊತ್ತಿಲ್ಲ. ಅದರ ಬೆನ್ನ ಮೇಲೆ ಒಟ್ಟು ಎಷ್ಟು ಯುಸಿಪಿ1 ಇದೆ ಅನ್ನುವುದಷ್ಟೇ ಅದಕ್ಕೆ ಬೇಕು. ಹಾಲೆಯ ತೂಕ ಬರೆದಿಟ್ಟಿದ್ದೀರಾ? ಪೂರ್ತಿ ಹಾಲೆಯನ್ನು ಅರೆದಿರಾ, ಚೂರು ಕತ್ತರಿಸಿ ಅರೆದಿರಾ?

ಬೈಗುಳ ಈಗ. ಕಂದು ಕೊಬ್ಬಿನಲ್ಲಿ ಯುಸಿಪಿ1 ಸಿಕ್ಕಾಪಟ್ಟೆ ಇರುತ್ತದೆ. ಅದಕ್ಕೆ 20 ಮೈಕ್ರೋಗ್ರಾಂ ಹಾಕುವುದು ಅಂದರೆ ಮೈಕಿಗೆ ಬಾಯಿ ಒತ್ತಿ ಕೂಗಿದ ಹಾಗೆ. "ಕಪ್ಪಗೆ, ದಪ್ಪಗೆ, ಒಂದೇ ಥರ" ಅಂತ ನೀವೇ ಬರೆದಿದ್ದೀರಿ. ಅದು ಸ್ಯಾಚುರೇಟ್ ಆದ, ಅಂದರೆ ಇನ್ನು ಏರಲಾಗದಷ್ಟು ತುಂಬಿಹೋದ, ಬ್ಯಾಂಡಿನ ಜಾತಕ. 0.5, 1, 2, 5 ಮೈಕ್ರೋಗ್ರಾಂ ಹಾಕಿ ಒಂದು ಸಾಲು ಓಡಿಸಿ. ಹಾಕಿದ್ದು ಎರಡು ಪಟ್ಟಾದಾಗ ಬ್ಯಾಂಡೂ ಎರಡು ಪಟ್ಟಾಗುವ ಜಾಗ ಎಲ್ಲಿದೆ ಹುಡುಕಿ, ಅಲ್ಲಿ ಕೆಲಸ ಮಾಡಿ.

ಇಲಿಮನೆ_ಕಾವಲು

ಹಳೇಪಿಪೆಟ್ ಸರ್ ಪ್ರೊಟೀನ್ ಕಡೆ ಹೇಳಿದ್ದಾರೆ. ನಾನು ಇಲಿಗಳ ಕಡೆಯಿಂದ ಹೇಳುತ್ತೇನೆ. ಹದಿನಾಲ್ಕು ವರ್ಷದಿಂದ ಪ್ರಾಣಿಗೃಹ ನೋಡಿಕೊಳ್ಳುತ್ತಿದ್ದೇನೆ.

ಮೇಡಂ, ನಿಮ್ಮ "ಚಳಿ ಇಲ್ಲದ" ಗುಂಪು ಯಾವುದು? 22 ಡಿಗ್ರಿ ನಮಗೆ ಹಿತ, ಇಲಿಗೆ ಚಳಿ. ಸುಮ್ಮನೆ ಕೂತ ಇಲಿ ಹೆಚ್ಚುವರಿ ಶಾಖ ಮಾಡಿಕೊಳ್ಳದೆ ಇರಬಹುದಾದ ತಾಪ ಸುಮಾರು 30 ಡಿಗ್ರಿ. 22ರಲ್ಲಿ ಅದು ಮೈ ಬಿಸಿ ಇಟ್ಟುಕೊಳ್ಳಲಿಕ್ಕೇ ಒಂದೂವರೆ ಪಟ್ಟು ಉರಿಸುತ್ತಿರುತ್ತದೆ. ಹುಟ್ಟಿದಾಗಿನಿಂದ ಹೀಗೇ. ಅಂದರೆ ನಿಮ್ಮ ಕಂಟ್ರೋಲ್ ಇಲಿಗಳು ಆಗಲೇ ಅರ್ಧ ಚಳಿಗೆ ಒಗ್ಗಿದವು. ಅವುಗಳ ಹಾಲೆಯಲ್ಲಿ ಯುಸಿಪಿ1 ತುಂಬಾ ಇದ್ದೇ ಇರುತ್ತದೆ. ಅದನ್ನು 1 ಅಂತ ಇಟ್ಟರೆ ಮೇಲಕ್ಕೆ ಏರಲು ಜಾಗ ಎಲ್ಲಿದೆ?

ಇದು ಸಣ್ಣ ವಿಷಯ ಅಲ್ಲ. 1997ರಲ್ಲಿ ಯುಸಿಪಿ1 ಜೀನ್ ತೆಗೆದ ಇಲಿ ಮಾಡಿದರು. ಅವು ಚಳಿ ತಾಳಲಿಲ್ಲ, ಆದರೆ ಎಲ್ಲರೂ ಅಂದುಕೊಂಡ ಹಾಗೆ ದಪ್ಪ ಆಗಲೂ ಇಲ್ಲ. ದೊಡ್ಡ ನಿರಾಸೆ. ಅದೇ ಇಲಿಯನ್ನು 30 ಡಿಗ್ರಿ ಹತ್ತಿರ ಇಟ್ಟು ನೋಡಿದಾಗ ದಪ್ಪ ಆಯಿತು ಅಂತ 2009ರಲ್ಲಿ ವರದಿ ಬಂತು. ಹನ್ನೆರಡು ವರ್ಷ. ಕೋಣೆಯ ಥರ್ಮಾಮೀಟರ್ ಒಂದು ಪ್ರಶ್ನೆಯನ್ನು ಅಷ್ಟು ಕಾಲ ಮುಚ್ಚಿಟ್ಟಿತ್ತು.

ನಡುಕದ ವಿಷಯ ನೀವು ಗಮನಿಸಿದ್ದು ಬಹಳ ಒಳ್ಳೆಯದಾಯಿತು. ಮೊದಲ ದಿನ ಮೈ ಬಿಸಿ ಇಡುವುದು ಬಹುಪಾಲು ಸ್ನಾಯು. ಕಂದು ಕೊಬ್ಬು ಬೆಳೆದ ಹಾಗೆ ನಡುಕ ಕಮ್ಮಿಯಾಗುತ್ತದೆ. ಯುಸಿಪಿ1 ಇಲ್ಲದ ಇಲಿಯನ್ನು ಮೆಲ್ಲಗೆ, ಹಂತ ಹಂತವಾಗಿ ಇಳಿಸಿದರೆ ಅದೂ 4 ಡಿಗ್ರಿಯಲ್ಲಿ ಬದುಕುತ್ತದೆ. ಆದರೆ ಅದರ ನಡುಕ ನಿಲ್ಲುವುದೇ ಇಲ್ಲ, ವಾರಗಟ್ಟಲೆ ನಡುಗಿಕೊಂಡೇ ಇರುತ್ತದೆ. ನಿಮ್ಮವು ನಡುಕ ಬಿಟ್ಟವು ಅಂದರೆ ಪ್ರೊಟೀನ್ ಏರಿದೆ. ಬ್ಲಾಟ್ ಏನೇ ಹೇಳಲಿ.

ಇನ್ನೊಂದು, ತಪ್ಪು ತಿಳಿಯಬೇಡಿ. ಚಳಿ ಕೋಣೆಯ ಪಂಜರಕ್ಕೆ ಹತ್ತಿ ಹಾಕಿದ್ದರಾ? ಒಂದು ಪಂಜರಕ್ಕೆ ಎಷ್ಟು ಇಲಿ? ನನ್ನ ಕಣ್ಣೆದುರೇ ಒಂದು ಪ್ರಯೋಗ ಹಾಳಾಗಿದೆ. ರಾತ್ರಿ ಪಾಳಿಯ ಹುಡುಗ ಪಾಪ ಅಂತ ಎಲ್ಲ ಪಂಜರಕ್ಕೂ ಹಿಡಿ ಹಿಡಿ ಹತ್ತಿ ಹಾಕಿಬಿಟ್ಟಿದ್ದ. ಬೆಳಿಗ್ಗೆ ನೋಡಿದರೆ ಐದು ಇಲಿ ಒಂದೇ ಗೂಡಿನಲ್ಲಿ ಒತ್ತಿಕೊಂಡು ಮಲಗಿವೆ. ಹೊರಗೆ 4 ಡಿಗ್ರಿ, ಗೂಡೊಳಗೆ ಬೆಚ್ಚಗೆ. ಕೈ ಹಾಕಿದರೆ ಗೊತ್ತಾಗುತ್ತಿತ್ತು.

ಕೋಲ್ಡ್‌ರೂಮ್_ಹುಡುಗಿ

ಅಯ್ಯೋ. ಹತ್ತಿ ಇರಲಿಲ್ಲ, ಆದರೆ ಪಂಜರಕ್ಕೆ ಎರಡೆರಡು ಇಲಿ ಇದ್ದವು. ಒಂದರ ಮೇಲೊಂದು ಮಲಗುತ್ತಿದ್ದದ್ದು ನಿಜ. ಫೋಟೋ ಕೂಡ ತೆಗೆದಿದ್ದೆ, ಮುದ್ದಾಗಿವೆ ಅಂತ!

ತೂಕ ಬರೆದಿಟ್ಟಿದ್ದೇನೆ, ದೇವರ ದಯ. ಪೂರ್ತಿ ಹಾಲೆಯನ್ನೇ ಒಂದೇ ಅಳತೆಯ ಬಫರ್‌ನಲ್ಲಿ ಅರೆದಿದ್ದು, ಹಾಗಾಗಿ ಒಟ್ಟು ಪ್ರೊಟೀನ್ ಲೆಕ್ಕ ಹಾಕಬಹುದು. ನೋಟ್‌ಬುಕ್ ತೆಗೆದು ಕೂರುತ್ತೇನೆ. ಬ್ಲಾಟ್ ಸೋಮವಾರ.

ಸ್ಕ್ಯಾನ್‌ರೂಮ್

ನಾನು ಪೆಟ್ ಸ್ಕ್ಯಾನ್ ಟೆಕ್ನಿಷಿಯನ್, ಇಲಿ ಗಿಲಿ ಗೊತ್ತಿಲ್ಲ. ಆದರೆ ಈ ಕಂದು ಕೊಬ್ಬು ನಮ್ಮ ಜೀವ ತಿನ್ನುತ್ತದೆ. ಫ್ಲೋರಿನ್-18 (ವಿಕಿರಣ ಸೂಸುವ ಗುರುತು) ಹಚ್ಚಿದ ಸಕ್ಕರೆ ಚುಚ್ಚಿ ಒಂದು ಗಂಟೆ ಕೂರಿಸುತ್ತೇವೆ. ಆ ಒಂದು ಗಂಟೆ ಕೋಣೆ ತಣ್ಣಗಿದ್ದರೆ ಮುಗಿಯಿತು. ಕೊರಳ ಎರಡೂ ಕಡೆ, ಕೊರಳೆಲುಬಿನ ಮೇಲೆ, ಬೆನ್ನುಮೂಳೆ ಉದ್ದಕ್ಕೂ ದೀಪ ಹಚ್ಚಿದ ಹಾಗೆ ಹೊಳೆಯುತ್ತದೆ. ಗಡ್ಡೆ ಹುಡುಕುವ ಡಾಕ್ಟರಿಗೆ ತಲೆನೋವು. ಅದಕ್ಕೇ ನಾವು ಬಂದವರಿಗೆಲ್ಲ ಮೊದಲು ಕಂಬಳಿ ಕೊಡುವುದು. ಸಣ್ಣ ವಯಸ್ಸಿನ, ತೆಳ್ಳಗಿನ ಹೆಂಗಸರಲ್ಲಿ ಜಾಸ್ತಿ ನೋಡಿದ್ದೇನೆ. ಕೆಲವರಿಗೆ ಡಾಕ್ಟರ್ ಮುಂಚೆಯೇ ಬೀಟಾ ಗ್ರಾಹಕಗಳನ್ನು ತಡೆಯುವ ಬೀಟಾ ಬ್ಲಾಕರ್ ಮಾತ್ರೆಯನ್ನೂ ಬರೆದಿರುತ್ತಾರೆ. ಯಾಕೆ ಅಂತ ಈಗ ಮೇಲಿನ ಉತ್ತರ ಓದಿದಮೇಲೆ ಅರ್ಥ ಆಯಿತು.

ನನ್ನ ಅನುಮಾನ: ಪರದೆ ಮೇಲೆ ಹೊಳೆಯುವುದು ಯುಸಿಪಿ1 ತಾನೇ? ಜಾಸ್ತಿ ಹೊಳೆದರೆ ಜಾಸ್ತಿ ಪ್ರೊಟೀನ್ ಅಂತಲೇ?

ಹಳೇಪಿಪೆಟ್

ಅಲ್ಲ. ಅಲ್ಲಿ ಕಾಣುವುದು ಸಕ್ಕರೆ ಎಷ್ಟು ಒಳಗೆ ಹೋಯಿತು ಅನ್ನುವುದು. ನಾರ್‌ಅಡ್ರಿನಲಿನ್ ಬಿದ್ದ ಕೂಡಲೇ ಕಂದು ಕೊಬ್ಬಿನ ಕೋಶ ಸಕ್ಕರೆ ಎಳೆದುಕೊಳ್ಳುತ್ತದೆ. ಯುಸಿಪಿ1 ಇಲ್ಲದ ಇಲಿಯ ಕೋಶವೂ ಎಳೆದುಕೊಳ್ಳುತ್ತದೆ! ಅಸಲಿಗೆ ಅದು ಹೆಚ್ಚಾಗಿ ಉರಿಸುವುದು ಕೊಬ್ಬನ್ನು, ಸಕ್ಕರೆ ಪಕ್ಕವಾದ್ಯ. ಹಾಗಾಗಿ ಹೊಳಪು ಅಂದರೆ "ಇಲ್ಲಿಗೆ ನರದ ಕರೆ ಬಂದಿದೆ" ಅಂತ, ಅಷ್ಟೇ. ತೂಬು ಎಷ್ಟಿವೆ ಅಂತ ಅದು ಹೇಳುವುದಿಲ್ಲ.

ಆದರೆ ನಿಮ್ಮ ತಲೆನೋವಿನಿಂದ ನಮಗೆ ಉಪಕಾರವಾಗಿದೆ. ಕಂದು ಕೊಬ್ಬು ಕೂಸುಗಳಿಗೆ ಮಾತ್ರ, ದೊಡ್ಡವರಾದಮೇಲೆ ಲೆಕ್ಕಕ್ಕಿಲ್ಲ ಅಂತ ಬಹಳ ಕಾಲ ಅಂದುಕೊಂಡಿದ್ದರು. ಕೂಸು ನಡುಗುವುದಿಲ್ಲವಲ್ಲ, ಅದಕ್ಕೆ ಇದೇ ಒಲೆ. ದೊಡ್ಡವರಲ್ಲೂ ಇದೆ, ಚಳಿಗೆ ಎದ್ದು ಕೂರುತ್ತದೆ ಅಂತ 2009ರಲ್ಲಿ ಮೂರು ತಂಡಗಳು ಒಂದೇ ಸಲ ತೋರಿಸಿದ್ದು ಇದೇ ಪೆಟ್ ಸ್ಕ್ಯಾನ್‌ನಿಂದ. 2013ರಲ್ಲಿ ಒಂದು ತಂಡ ಜನರನ್ನು ಹತ್ತು ದಿನ, ದಿನಕ್ಕೆ ಆರು ಗಂಟೆ, 15-16 ಡಿಗ್ರಿಯಲ್ಲಿ ಕೂರಿಸಿತು. ಹತ್ತು ದಿನದ ಕೊನೆಗೆ ಕಂದು ಕೊಬ್ಬಿನ ಚಟುವಟಿಕೆ ಏರಿತ್ತು. ನಡುಕವಿಲ್ಲದೆ ಮಾಡುವ ಶಾಖವೂ ಏರಿತ್ತು. ಚಳಿ ಅಷ್ಟು ಚಳಿ ಅನ್ನಿಸುತ್ತಿಲ್ಲ ಅಂತ ಅವರೇ ಹೇಳಿದರು.

ಕುತೂಹಲಿ_7

ಹಾಗಾದರೆ ನಾನು ದಿನಾ ತಣ್ಣೀರು ಸ್ನಾನ ಮಾಡಿದರೆ ಈ ಯುಸಿಪಿ1 ಏರಿ ತೆಳ್ಳಗೆ ಆಗುತ್ತೇನಾ? ಸೀದಾ ಹೇಳಿ.

ಇಲಿಮನೆ_ಕಾವಲು

ಸೀದಾ ಹೇಳಬೇಕಂದ್ರೆ, ಚಳಿಯಲ್ಲಿಟ್ಟ ನನ್ನ ಇಲಿಗಳು ಯಾವುದೂ ತೆಳ್ಳಗಾಗಿ ಉಳಿಯುವುದಿಲ್ಲ. ಆಹಾರದ ತಟ್ಟೆ ಎರಡು ಪಟ್ಟು ಬೇಗ ಖಾಲಿ ಮಾಡುತ್ತವೆ. ಉರಿಸಿದ್ದನ್ನು ತಿಂದು ತುಂಬಿಕೊಳ್ಳುತ್ತವೆ. ಇಲಿಯ ಮೈಗೆ ಹೋಲಿಸಿದರೆ ಮನುಷ್ಯನ ಮೈಯಲ್ಲಿ ಕಂದು ಕೊಬ್ಬಿನ ಪಾಲು ಬಹಳ ಸಣ್ಣದು. ಐದು ನಿಮಿಷದ ಸ್ನಾನದಲ್ಲಿ ನಲ್ಲಿ ತಿರುಗಿಸಿ ನಿಲ್ಲಿಸಿದ ಹಾಗಾಯಿತು, ಹಂಡೆ ತುಂಬುವುದು ಹೇಗೆ?

ಹಳೇಪಿಪೆಟ್

ಇದಕ್ಕೆ ಒಂದು ಹಳೇ ಕಥೆ ಸೇರಿಸುತ್ತೇನೆ, ಯಾರಾದರೂ ಇಂಟರ್ನೆಟ್‌ನಲ್ಲಿ ಪುಡಿ ತರಿಸುವ ಮುಂಚೆ. ಡೈನೈಟ್ರೊಫೀನಾಲ್ ಅಂತ ಒಂದು ರಾಸಾಯನಿಕ ಇದೆ. ಅದೂ ಪ್ರೋಟಾನ್ ಸೋರಿಸುತ್ತದೆ. 1930ರ ದಶಕದಲ್ಲಿ ತೆಳ್ಳಗಾಗುವ ಔಷಧಿ ಅಂತ ಅಮೆರಿಕದಲ್ಲಿ ಮಾರಿದರು. ಜನ ತೆಳ್ಳಗಾದರು, ಕೆಲವರು ಮೈ ಕಾದು ಸತ್ತರು, ಕೆಲವರ ಕಣ್ಣಿಗೆ ಪೊರೆ ಬಂತು. 1938ರಲ್ಲಿ ನಿಲ್ಲಿಸಿದರು. ಯುಸಿಪಿ1 ಮತ್ತು ಅದರ ನಡುವೆ ವ್ಯತ್ಯಾಸ ಇಷ್ಟು: ಯುಸಿಪಿ1ಕ್ಕೆ ಬಿರಡೆ ಇದೆ, ಬಿರಡೆ ನರದ ಕೈಯಲ್ಲಿದೆ, ಮತ್ತು ಅದು ಇರುವುದು ಹೆಚ್ಚಾಗಿ ಕಂದು ಕೊಬ್ಬಿನೊಳಗೆ. ಡೈನೈಟ್ರೊಫೀನಾಲ್ ಮೈಯ ಎಲ್ಲ ಕೆರೆಯನ್ನೂ ಒಟ್ಟಿಗೆ ಒಡೆಯುತ್ತದೆ.

ಸುಮ್ನೆ ನೆನಪಾಯಿತು: ಹಂದಿಗೆ ಯುಸಿಪಿ1 ಇಲ್ಲ. ಅದರ ಪೂರ್ವಜರಲ್ಲೇ ಜೀನ್ ಕೆಟ್ಟುಹೋಗಿದೆ. ಹಂದಿಮರಿ ಹುಟ್ಟಿದ ಕೂಡಲೇ ನಡುಗುತ್ತದೆ, ತಾಯಿಯ ಮೈಗೆ ಒತ್ತಿಕೊಳ್ಳುತ್ತದೆ.

ಕೋಲ್ಡ್‌ರೂಮ್_ಹುಡುಗಿ

ಬಂದೆ. ಬ್ಲಾಟ್ ಮುಗಿಯಿತು.

ಮೊದಲು 22 ಡಿಗ್ರಿಯ ಒಂದೇ ಸ್ಯಾಂಪಲ್ ತೆಗೆದುಕೊಂಡು 0.5ರಿಂದ 20 ಮೈಕ್ರೋಗ್ರಾಂವರೆಗೆ ಸಾಲಾಗಿ ಹಾಕಿದೆ. 0.5, 1, 2 ಮೂರೂ ಮೆಟ್ಟಿಲ ಹಾಗೆ ಏರಿದವು. 5ಕ್ಕೆ ಬಾಗಿತು. 10 ಮತ್ತು 20 ಒಂದೇ. ನಾಲ್ಕು ಬ್ಲಾಟ್, ಒಂದೂವರೆ ತಿಂಗಳ ಆಂಟಿಬಾಡಿ, ಎಲ್ಲ ಚಪ್ಪಟೆ ಜಾಗದಲ್ಲಿ ಕೂತು ಅಳೆದಿದ್ದೇನೆ. ಆ ಮೆಂಬ್ರೇನ್ ನೋಡಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಆಮೇಲೆ ಎಲ್ಲ ಗುಂಪನ್ನೂ 1 ಮೈಕ್ರೋಗ್ರಾಮಿನಲ್ಲಿ ಓಡಿಸಿದೆ. ಈಗ 24 ಗಂಟೆಗೆ 1.2, ಮೂರು ವಾರಕ್ಕೆ 1.9. ಬರೀ ಲೋಡ್ ಕಮ್ಮಿ ಮಾಡಿದ್ದಕ್ಕೇ ಇಷ್ಟು ವ್ಯತ್ಯಾಸ.

ಇನ್ನು ಹಾಲೆ. 22 ಡಿಗ್ರಿಯಲ್ಲಿ ಸರಾಸರಿ 70 ಮಿಲಿಗ್ರಾಂ ತೂಕ, ಅದರಲ್ಲಿ ಪ್ರೊಟೀನ್ 6 ಮಿಲಿಗ್ರಾಂ. 24 ಗಂಟೆ ಚಳಿಗೆ ತೂಕ 55ಕ್ಕೆ ಇಳಿದಿದೆ, ಪ್ರೊಟೀನ್ ಹೆಚ್ಚುಕಮ್ಮಿ ಅಷ್ಟೇ. ಅಂದರೆ ಹೋದದ್ದು ಕೊಬ್ಬೇ, ಸರ್ ಹೇಳಿದ ಹಾಗೆ. ಮೂರು ವಾರಕ್ಕೆ ತೂಕ 110, ಪ್ರೊಟೀನ್ 15. ಇದನ್ನು ಬ್ಲಾಟ್ ಲೆಕ್ಕಕ್ಕೆ ಗುಣಿಸಿದರೆ, ಇಡೀ ಹಾಲೆಯ ಯುಸಿಪಿ1 ಮೊದಲ ದಿನ ಹತ್ತಿರ ಹತ್ತಿರ ಅಷ್ಟೇ, ಮೂರು ವಾರಕ್ಕೆ ಐದು ಪಟ್ಟಿನ ಹತ್ತಿರ. ಎಂಆರ್‌ಎನ್‌ಎ ಗ್ರಾಫಿನಲ್ಲಿ ಮೊದಲ ದಿನವೇ ಶಿಖರ, ಆಮೇಲೆ ಇಳಿಜಾರು. ಹಾಲೆಯ ಗ್ರಾಫಿನಲ್ಲಿ ಮೊದಲ ದಿನ ಸಪಾಟು, ಆಮೇಲೆ ಏರು. ಒಂದೇ ಇಲಿ, ಒಂದೇ ಕೊಬ್ಬು, ತಲೆಕೆಳಗಾದ ಎರಡು ಚಿತ್ರ. ನಾನು ಹತ್ತು ದಿನ ಎರಡನ್ನೂ ಒಂದೇ ಮಾಡಲು ಹೊರಟಿದ್ದೆ.

ಗೈಡ್‌ಗೆ ತೋರಿಸಿದೆ. ಎರಡು ನಿಮಿಷ ನೋಡಿದರು. "ತೂಕ ಯಾರು ಬರೆಯಲು ಹೇಳಿದ್ದು?" ಅಂದರು. ಯಾರೂ ಹೇಳಿರಲಿಲ್ಲ. ಹಾಲೆಗಳನ್ನು ಟ್ಯೂಬಿಗೆ ಹಾಕುವ ಮುಂಚೆ ತಕ್ಕಡಿ ಪಕ್ಕದಲ್ಲೇ ಇತ್ತು, ಇಟ್ಟೆ ಅಷ್ಟೇ.

ಈಗ 30 ಡಿಗ್ರಿಯ ಗುಂಪು ಸೇರಿಸಲು ಒಪ್ಪಿದ್ದಾರೆ. ಇಲಿಮನೆ ಸರ್, ಒಂದು ಕೇಳಬೇಕು: 30ರಲ್ಲಿ ಎಷ್ಟು ದಿನ ಇಡಬೇಕು? ಒಂದು ವಾರ ಸಾಕಾ? ಅಲ್ಲಿಂದ ನೇರವಾಗಿ 4ಕ್ಕೆ ಹಾಕಬಹುದಾ?

ಇಲಿಮನೆ_ಕಾವಲು

ಒಂದು ವಾರ ಸಾಲದು ಮೇಡಂ. ಬೆಚ್ಚಗಾದರೆ ಎಂಆರ್‌ಎನ್‌ಎ ಬೇಗ ಬಿದ್ದುಹೋಗುತ್ತದೆ, ಆದರೆ ಇರುವ ಯುಸಿಪಿ1 ಕರಗಲು ಅದಕ್ಕಿಂತ ಜಾಸ್ತಿ ದಿನ ಬೇಕು. ಮೈಟೊಕಾಂಡ್ರಿಯಾ ಸಮೇತ ಕೋಶ ಅದನ್ನು ತಿಂದು ಮುಗಿಸಬೇಕಲ್ಲ. ಮೂರು ನಾಲ್ಕು ವಾರ ಕೊಡಿ. ಬಿಡಿಸಿದಾಗ ಹಾಲೆ ಬಿಳಿಚಿಕೊಂಡಿರಬೇಕು, ಮೇಲಿನ ಬಿಳಿ ಕೊಬ್ಬಿನಿಂದ ಬಿಡಿಸಿಕೊಳ್ಳುವುದೇ ಕಷ್ಟ ಅನ್ನಿಸಬೇಕು. ಆವಾಗ ತಾಳ್ಮೆಯಿಂದ ಬಿಡಿಸಿ. ಬಿಳಿ ಕೊಬ್ಬು ಸ್ವಲ್ಪ ಸೇರಿದರೂ ನಿಮ್ಮ ತೂಕದ ಲೆಕ್ಕ ಹೋಯಿತು.

30ರಿಂದ 4ಕ್ಕೆ ನೇರ ಹಾಕಬೇಡಿ, ರಾತ್ರಿಯೊಳಗೆ ಮೈ ತಣ್ಣಗಾಗಿ ಸಾಯುವ ಇಲಿಗಳಿರುತ್ತವೆ. ನಡುವೆ 18-20 ಡಿಗ್ರಿಯಲ್ಲಿ ಎರಡು ಮೂರು ವಾರ ನಿಲ್ಲಿಸಿ ಇಳಿಸಿ. ಪಂಜರಕ್ಕೆ ಒಂದೇ ಇಲಿ. ಮತ್ತೆ ರಾತ್ರಿ ಪಾಳಿಯವರಿಗೆ "ಹತ್ತಿ ಬೇಡ" ಅಂತ ದಪ್ಪ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿ. ಬಾಯಲ್ಲಿ ಹೇಳಿದರೆ ಸಾಕಾಗುವುದಿಲ್ಲ.